ಐದೂ ಮುಕ್ಕಾಲರ ರೈಲು

ನಮ್ಮ ಹಟ್ಟಿಯಲ್ಲಿ ಕುರಿ ಎಷ್ಟಿವೆ ಎಂದು ಹೊರಗಿನವರಿಗೆ ಹೇಳುವುದಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ, ಹಿಂಡು ಕರಗುತ್ತದೆ ಎಂಬ ಭಯ. ಲಸಿಕೆ ಹಾಕಲು ಬರುವ ಡಾಕ್ಟರು ಪ್ರತಿ ಸಲ ಕೇಳುತ್ತಾರೆ.

"ಎಷ್ಟ್ ಅದಾವಜ್ಜ?"

ನನ್ನ ಗಂಡನ ಅಣ್ಣ ದೊಡ್ಡಬೀರಪ್ಪ, ಅಂದರೆ ನನ್ನ ಭಾವ, ಆಕಾಶ ನೋಡುತ್ತಾರೆ.

"ದ್ಯಾವ್ರು ಕೊಟ್ಟಷ್ಟು ಅದಾವ್ರೀ."

ಡಾಕ್ಟರು ತಾವೇ ಎಣಿಸಲು ಹೋಗುತ್ತಾರೆ. ಕುರಿ ನಿಂತಲ್ಲಿ ನಿಲ್ಲುತ್ತವೆಯೇ? ಮೂವತ್ತರ ತನಕ ಬಂದು ಬೆವರು ಒರೆಸಿಕೊಂಡು, ತಮಗೆ ತೋಚಿದ್ದನ್ನು ಬರೆದುಕೊಂಡು ಹೋಗುತ್ತಾರೆ.

ಎಣಿಸುವುದು ಭಾವ ಒಬ್ಬರೇ. ಬೆಳಿಗ್ಗೆ ಕುರಿ ಕೂಡುವ ರೊಪ್ಪದ ಮುಳ್ಳುಬಾಗಿಲು ಸರಿಸಿ, ಸಂದಿಯಲ್ಲಿ ಕೋಲು ಹಿಡಿದು ನಿಲ್ಲುತ್ತಾರೆ. ಒಂದೊಂದೇ ಕುರಿ ಹೊರಗೆ ಬರುವಾಗ ಕೋಲಿನಿಂದ ಬೆನ್ನು ಮುಟ್ಟುತ್ತಾರೆ. ತುಟಿ ಅಲ್ಲಾಡುವುದಿಲ್ಲ. ಲೆಕ್ಕವೆಲ್ಲ ಹೊಟ್ಟೆಯೊಳಗೆ. ಕೊನೆಯ ಕುರಿಯನ್ನು ಮಾತ್ರ ಮುಟ್ಟುವುದಿಲ್ಲ. ಅದು ಬೀರದೇವರ ಪಾಲು. ಎಣಿಸಬಾರದು.

ಕುರಿಗೆ ಈ ಪದ್ಧತಿ ಸರಿ. ರೈಲಿಗೆ ಸರಿಹೋಗಲಿಲ್ಲ.

ನಮ್ಮ ಶಿಕಾರಿಪುರ ತಾಲ್ಲೂಕಿನವರಿಗೂ ಅತ್ತ ಸೊರಬದವರಿಗೂ ರೈಲು ಅಂದರೆ ದೂರದ ಮಾತು. ಹೊಸ ಹಳಿ ಬರುತ್ತದೆ ಎನ್ನುತ್ತಾರೆ. ಬರಲಿ. ಇವತ್ತಿಗೆ ರೈಲು ಹತ್ತಬೇಕಾದರೆ ತಾಲ್ಲೂಕಿನ ಗಡಿ ದಾಟಿ ಮುಳ್ಳುಕೆರೆ ಹಾಲ್ಟಿಗೆ ಹೋಗಬೇಕು. ಅಂಜನಾಪುರದ ಆಚೆಗಿನ ನಮ್ಮ ಹಟ್ಟಿಯಿಂದ ಲಗೇಜ್ ಆಟೋದಲ್ಲಿ ಮುಕ್ಕಾಲು ತಾಸು. ಒಂದು ತಗಡಿನ ಚಪ್ಪರ, ಒಂದು ಟಿಕೆಟ್ ಕಿಂಡಿ, ಎರಡು ಕಲ್ಲುಬೆಂಚು. ಸುತ್ತ ತಂತಿಬೇಲಿ. ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಸಂದಿ. ಅದೇ ಬಾಗಿಲು.

ಅಲ್ಲಿಂದ ನಾವು ಶಿವಮೊಗ್ಗಕ್ಕೆ ಕೂಲಿಗೆ ಹೋಗುತ್ತೇವೆ. ನಮ್ಮ ಹಟ್ಟಿಯವರು, ಸುತ್ತಲಿನ ಹಳ್ಳಿಯವರು, ಸೊರಬದ ಕಡೆಯಿಂದ ಬರುವವರು, ಎಲ್ಲ ಹೆಂಗಸರೇ. ಗಂಡಸರು ಕುರಿಯ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಹೆಂಗಸರು ತಾರಸಿ ಮೋಲ್ಡಿನ ಕೆಲಸಕ್ಕೆ, ಆಸ್ಪತ್ರೆ ಗುಡಿಸಲಿಕ್ಕೆ, ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯಲಿಕ್ಕೆ ಹೋಗುತ್ತಾರೆ. ನಾನು ಪಾತ್ರೆಯವಳು. ಅರವತ್ತೆಂಟು ವರ್ಷ. ಬೆನ್ನು ಬಗ್ಗಿದೆ. ಪಾತ್ರೆ ತೊಳೆಯಲು ಅದೇ ಅನುಕೂಲ.

ತೊಂದರೆ ಇದ್ದದ್ದು ಹೊತ್ತಿನದು. ಬೆಳಗಿನ ರೈಲು ನಮ್ಮ ಹಾಲ್ಟಿಗೆ ಏಳೂ ನಲವತ್ತಕ್ಕೆ ಬರುತ್ತಿತ್ತು. ಶಿವಮೊಗ್ಗ ಮುಟ್ಟುವಾಗ ಒಂಬತ್ತು. ಮೇಸ್ತ್ರಿಗಳು ಎಂಟಕ್ಕೆಲ್ಲ ಆಳುಗಳನ್ನು ಆರಿಸಿಕೊಂಡು ಹೋಗಿರುತ್ತಿದ್ದರು. ಉಳಿದ ಕೆಲಸ ನಮಗೆ. ಯಾರೂ ಒಲ್ಲದ ಕೆಲಸ, ಮೋರಿಯದು, ಸತ್ತ ನಾಯಿಯದು. ನಾನು ಹಾಸ್ಟೆಲಿಗೆ ಹೋಗುವಷ್ಟರಲ್ಲಿ ಬೆಳಗಿನ ತಟ್ಟೆಗಳು ಗುಡ್ಡೆ ಬಿದ್ದು ಒಣಗಿರುತ್ತಿದ್ದವು. ಒಣಗಿದ ಉಪ್ಪಿಟ್ಟು ಸಿಮೆಂಟಿಗಿಂತ ಗಟ್ಟಿ. ಉಗುರಿನಲ್ಲಿ ಕೆರೆಯಬೇಕು. ಕೆರೆದೂ ಕೆರೆದೂ ನನ್ನ ಬಲಗೈಯಲ್ಲಿ ಈಗ ಎರಡೇ ಉಗುರು ನೆಟ್ಟಗಿವೆ.

ನನ್ನ ಸೊಸೆ ಸುಮಾ ಮೋಲ್ಡಿನವಳು. ತಲೆಯ ಮೇಲೆ ಸಿಂಬೆ, ಅದರ ಮೇಲೆ ಕಾಂಕ್ರೀಟು ತುಂಬಿದ ಬಾಂಡ್ಲಿ. ನಾಲ್ಕು ಮಹಡಿ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಹೊತ್ತಿಗೆ ಸರಿಯಾಗಿ ಬಾರದ ಆಳನ್ನು ಮೇಸ್ತ್ರಿ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಅವಳು ಅಲ್ಲೇ ಸಿಮೆಂಟಿನ ಶೆಡ್ಡಿನಲ್ಲಿ ಮಲಗತೊಡಗಿದಳು. ವಾರಕ್ಕೆ ಆರು ರಾತ್ರಿ. ಭಾನುವಾರ ಒಂದು ದಿನ ಮನೆಗೆ. ಶೆಡ್ಡಿಗೆ ಚಿಲಕವಿಲ್ಲ. ಐದಾರು ಜನ ಹೆಂಗಸರು ಸೇರಿ ಬಾಗಿಲಿಗೆ ಜಲ್ಲಿ ಚೀಲ ಒತ್ತಿ ಮಲಗುತ್ತಿದ್ದರು. ಆದರೂ ಮೇಸ್ತ್ರಿಯ ಟಾರ್ಚು ಸಂದಿಯಲ್ಲಿ ಬಂದು ಮುಖದ ಮೇಲೆ ಓಡಾಡಿ ಹೋಗುತ್ತಿತ್ತು. "ಏನೂ ಮಾಡಲ್ಲ ಅತ್ತೆ, ಟಾರ್ಚ್ ಬಿಡ್ತಾನೆ ಅಷ್ಟೆ" ಎನ್ನುತ್ತಿದ್ದಳು. ಹಾಗೆಂದು ಮತ್ತೆ ವಾರದ ಬಟ್ಟೆಯ ಗಂಟು ಕಟ್ಟುತ್ತಿದ್ದಳು.

ಐದೂ ಮುಕ್ಕಾಲಿಗೆ ಒಂದು ರೈಲು ಇದ್ದಿದ್ದರೆ ಅವಳು ದಿನಾ ಹೋಗಿ ದಿನಾ ಬರಬಹುದಿತ್ತು. ಸಂಜೆ ಬರಲು ರೈಲಿದೆ. ಬೆಳಿಗ್ಗೆ ಹೋಗಲು ಇಲ್ಲ. ನಮಗೆ ಬೇಕಾಗಿದ್ದದ್ದು ಇಷ್ಟೇ.

ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ದೊಡ್ಡವರು ಸೇರಿ ರೈಲು ಹೋರಾಟ ಸಮಿತಿ ಕಟ್ಟಿದಾಗ ನಾವು ಕುಣಿದಾಡಿದೆವು. ಈ ದಾರಿಯಲ್ಲಿ ಇನ್ನೊಂದು ಇಂಟರ್‌ಸಿಟಿ ರೈಲು ಬಿಡಬೇಕು, ಅದು ಮುಳ್ಳುಕೆರೆಯಲ್ಲಿ ನಿಲ್ಲಬೇಕು. ಇದು ಬೇಡಿಕೆ. ಅಧ್ಯಕ್ಷರು ಶಿವಶಂಕರ ಅವರು. ಶಿರಾಳಕೊಪ್ಪದಲ್ಲಿ ದೊಡ್ಡ ಬಟ್ಟೆ ಅಂಗಡಿ. ಶಿಕಾರಿಪುರದಲ್ಲಿ ಮೆರವಣಿಗೆ ಮಾಡಿದ ದಿನ ನಮ್ಮನ್ನು ಎರಡು ಟ್ರ್ಯಾಕ್ಟರಿನಲ್ಲಿ ತುಂಬಿಸಿಕೊಂಡು ಹೋದರು. ಏನು ಬೇಕು ಎಂದು ಅವರು ಕೂಗಿದರೆ ರೈಲು ಬೇಕು ಎಂದು ನಾವು ಕೂಗಬೇಕು. ಕೂಗಿದೆವು. ಗುಡ್ಡದ ಮೇಲೆ ಕುರಿ ಕರೆದು ಪಳಗಿದ ಗಂಟಲು ನಮ್ಮದು. ಪೇಟೆಯ ಅಂಗಡಿಗಳವರು ಹೊರಗೆ ಬಂದು ನೋಡಿದರು. ಕೂಗಿದ ಮೇಲೆ ಒಂದೊಂದು ಪೊಟ್ಟಣ ಚಿತ್ರಾನ್ನ ಕೊಟ್ಟರು. ಮರುದಿನ ಪೇಪರಿನಲ್ಲಿ ಫೋಟೋ ಬಂತು. ಅದರಲ್ಲಿ ಮುಂದಿನ ಸಾಲಿನ ಬಿಳಿ ಅಂಗಿಗಳು ಮಾತ್ರ ಇದ್ದವು. ನನ್ನದು ಅರ್ಧ ಮೊಣಕೈ ಬಂದಿತ್ತು. ಬಳೆಯಿಂದ ಗುರುತು ಹಿಡಿದೆ.

ಅದಾದ ಎರಡು ತಿಂಗಳಿಗೆ ಹಾಲ್ಟಿನ ಟಿಕೆಟ್ ಕಿಂಡಿಯ ಪಕ್ಕ ಸಮಿತಿಯವರ ಮನವಿಯ ಪ್ರತಿ ಅಂಟಿಸಿದ್ದರು. ಉಳಿದವರು ಅದರ ಮುಂದೆಯೇ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಾನು ಓದಿದೆ. ಅರವತ್ತು ದಾಟಿದ ಮೇಲೆ ಮಧುಶ್ರೀ ಮೇಡಂ ರಾತ್ರಿ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದರು. ಗೋಡೆಗೆ ಅಂಟಿಸಿದ್ದನ್ನು ಓದದೆ ಬಿಡಬೇಡಿ ಅಂದಿದ್ದರು. ಬೆರಳಿಟ್ಟು ನಿಧಾನಕ್ಕೆ ಓದಿದೆ.

ಹೆಚ್ಚುವರಿ ರೈಲಿನ ಸಮಯ ಬೆಳಿಗ್ಗೆ ಹತ್ತು ಗಂಟೆ ಎಂದಿತ್ತು. ಕೆಳಗೆ ಒಂದು ಪಟ್ಟಿ. ಮುಳ್ಳುಕೆರೆಯಲ್ಲಿ ಹತ್ತು ಗಂಟೆಗೆ ಹತ್ತುವ ಪ್ರಯಾಣಿಕರು ನೂರೈವತ್ತು. ನಾವು ಕೇಳಿದ್ದ ಐದೂ ಮುಕ್ಕಾಲಿಗೆ ಹತ್ತುವವರು ನಾಲ್ಕು.

ನಾಲ್ಕು! ಆ ಬೆಂಚಿನ ಮೇಲೆಯೇ ಆಗ ಏಳು ಜನ ಕೂತಿದ್ದರು.

ಸೊರಬದ ಕಡೆಯ ಬಂಗಾರಮ್ಮನಿಗೆ ಓದಿ ಹೇಳಿದೆ. ಅವಳು ಎಲೆ ಉಗಿದು ಎದ್ದಳು.

"ಎಂತ ಮಾರಾಯ್ತಿ ಇದು? ನಾಲ್ಕು ಅಂದ್ರೆ ಯಾರ್ಯಾರು? ನಾನು ಅದರಾಗೆ ಇದೀನಾ ಇಲ್ವಾ, ಅದನ್ನಾದ್ರೂ ಬರ್ದಾರಾ?"

"ಹೆಸ್ರು ಬರ್ದಿಲ್ಲ."

"ಮತ್ತೆ ನಾನೇ ಇರ್ಬೇಕು. ನಾನೊಬ್ಳೇ ಮೂರು ಆಗ್ತೀನಿ." ಹಾಗೆಂದು ಸೊಂಟಕ್ಕೆ ಕೈಯಿಟ್ಟು ತಿರುಗಿ ತೋರಿಸಿದಳು. ಎಲ್ಲರೂ ನಕ್ಕರು. ನಾನು ಆ ಸಾಲಿನ ಮೇಲೆ ಮತ್ತೆ ಬೆರಳಿಟ್ಟು ಓದಿದೆ.

ಆ ನಾಲ್ಕು ಎಲ್ಲಿಂದ ಬಂತು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಸಮಿತಿಯ ಕಡೆಯವನೊಬ್ಬ ಹಾಳೆ ಹಿಡಿದು ಹಟ್ಟಿಗೆ ಬಂದಿದ್ದನಂತೆ. ಹೆಂಗಸರೆಲ್ಲ ಕೆಲಸಕ್ಕೆ ಹೋದ ಹೊತ್ತು. ಭಾವ ಒಬ್ಬರೇ ಇದ್ದರು. ಇಲ್ಲಿಂದ ಬೆಳಿಗ್ಗೆ ಕೂಲಿಗೆ ಎಷ್ಟು ಜನ ಹೋಗುತ್ತಾರೆ ಎಂದು ಕೇಳಿದ್ದಾನೆ. ಭಾವ ಆಕಾಶ ನೋಡಿದ್ದಾರೆ. ದೇವರು ಕೊಟ್ಟಷ್ಟು ಎಂದು ಹಾಳೆಯಲ್ಲಿ ಬರೆಯಲು ಬರುವುದಿಲ್ಲ ಎಂದು ಅವನು ಹಟ ಹಿಡಿದಿದ್ದಾನೆ. ಕೊನೆಗೆ ಭಾವ ನಾಲ್ಕು ಅಂದಿದ್ದಾರೆ. ಅವನಿಗೂ ಅದೇ ಬೇಕಿತ್ತು. ಹಾಲ್ಟಿಗೆ ಹೋಗಿ ನೋಡುವ ಶ್ರಮ ಉಳಿಯಿತು.

ಮದುವೆಯಾಗಿ ಬಂದಾಗಿನಿಂದ ನಾನು ಭಾವನ ಎದುರು ನಿಂತು ಜೋರಾಗಿ ಮಾತಾಡಿದವಳಲ್ಲ. ಅವತ್ತು ನಿಂತೆ.

"ಯಾಕ್ ಭಾವ ಹಂಗ್ ಹೇಳಿದ್ರಿ?"

"ಮನಿ ಹೆಣ್ಮಕ್ಳ ಲೆಕ್ಕ ಹೊರಗಿನವ್ರಿಗೆ ಕೊಡ್ತಾರೇನ್ ಹೂವವ್ವ? ಕಣ್ ಬೀಳ್ತೈತಿ."

"ನಾವ್ ಕುರಿ ಅಲ್ಲ ಭಾವ. ಯಾರ ಕಣ್ಣೂ ಬೀಳ್ಲಿಲ್ಲ, ಅದೇ ಕಷ್ಟ ಆಗಿರೋದು. ನಿಮ್ ಸೊಸಿ ಸಿಮೆಂಟ್ ಚೀಲದ ಮ್ಯಾಲೆ ಮಲಗ್ತಾಳೆ. ಮಂದಿ ನೋಡಿ ಎಣ್ಸಿದ್ರೆ ಮನ್ಯಾಗ್ ಮಲಗ್ತಿದ್ಲು."

ಭಾವ ಕೋಲಿನ ತುದಿಯಿಂದ ನೆಲ ಕೆದಕುತ್ತ ಕೂತರು.

ಮರುದಿನ ಕೆಲಸ ಬಿಟ್ಟು ಬಸ್ಸಿನಲ್ಲಿ ಶಿರಾಳಕೊಪ್ಪಕ್ಕೆ ಹೋದೆ. ಸಂತೆಯ ದಿನ. ಶಿವಶಂಕರ ಅವರ ಅಂಗಡಿಯಲ್ಲಿ ನಾಲ್ಕಾರು ಜನ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಮೆಟ್ಟಿಲು ಹತ್ತಿದೆ. ಅಂಗಡಿಯ ಆಳು ಅಲ್ಲೇ ನಿಲ್ಲು ಎಂದು ಕೈ ತೋರಿಸಿದ. ನಿಂತೆ. ಹೆಗಲ ಮೇಲೆ ಕಂಬಳಿ ಇತ್ತು. ನಮ್ಮದೇ ಕುರಿಯ ಉಣ್ಣೆ, ನಾನೇ ನೂತದ್ದು. ಅವರಿಗೆ ಸ್ಟೀಲಿನ ಲೋಟ. ನನಗೆ ಮೆಟ್ಟಿಲಿಗೇ ಕಾಗದದ ಕಪ್ಪು ಬಂತು. ಕುಡಿಯಲಿಲ್ಲ. ಪಕ್ಕಕ್ಕೆ ಇಟ್ಟೆ.

"ಮನವೀಲಿ ನಾಲ್ಕು ಅಂತ ಬರ್ದೀರಲ್ರೀ. ಅದು ತಪ್ಪು."

"ನಿಮ್ಮ ಹಿರೇರೇ ಹೇಳಿದ್ದಮ್ಮ. ನಾವ್ ಹುಟ್ಟಿಸ್ಕೊಂಡ್ ಬರ್ದಿಲ್ಲ."

"ಟ್ರ್ಯಾಕ್ಟರಿಗೆ ಹತ್ತಿಸ್ಬೇಕಾದ್ರೆ ಯಾರ ಹತ್ರ ಕೇಳಿದ್ರಿ? ಆವತ್ತು ಎರಡು ಟ್ರ್ಯಾಕ್ಟರ್ ತುಂಬಿತ್ತಲ್ರೀ."

ಗಾದಿಯ ಮೇಲಿದ್ದ ಒಬ್ಬರು ಕೆಮ್ಮಿದರು. ಶಿವಶಂಕರ ಅವರು ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. ನಮ್ಮಂಥವರನ್ನು ಅವರಿಗೆ ಎಲ್ಲಿಡಬೇಕೋ ಗೊತ್ತಿಲ್ಲ, ಅಷ್ಟೆ.

"ನೋಡಮ್ಮ, ಗುರುವಾರ ಹತ್ತು ಗಂಟೆಗೆ ರೈಲ್ವೆ ಆಫೀಸರು ಹಾಲ್ಟಿಗೆ ಬರ್ತಾರೆ. ಸಮಯ ಗೊತ್ತು ಮಾಡ್ಕೊಂಡ್ ಹೋಗ್ತಾರೆ. ನಾವು ಪಟ್ಟಣದಿಂದ ಜನ ಕರ್ಕೊಂಡ್ ಬರ್ತೀವಿ. ನೀವು ನಿಮ್ಮ ಕೆಲ್ಸಕ್ ಹೋಗಿ. ಬರೋದಾದ್ರೂ ಈ ಕಂಬ್ಳಿ ಗಿಂಬ್ಳಿ ಹೊದ್ಕೊಂಡು ಗುಂಪು ಗುಂಪಾಗಿ ಬರ್ಬೇಡಿ. ನಾವ್ ಕೇಳ್ತಿರೋದು ಇಂಟರ್‌ಸಿಟಿ, ಕುರಿ ಸಾಗ್ಸೋ ಲಾರಿ ಅಲ್ಲ."

ಗಾದಿಯವರು ನಕ್ಕರು. ನಾನೂ ಸ್ವಲ್ಪ ನಕ್ಕೆ. ದೊಡ್ಡವರು ನಕ್ಕರೆ ನಗುವುದು ರೂಢಿ. ಮೆಟ್ಟಿಲು ಇಳಿದು ಸಂತೆಯ ನಡುವೆ ಬಂದ ಮೇಲೆ ಆ ನಗು ನೆನಪಾಯಿತು. ಕೆನ್ನೆಗೆ ಹೊಡೆದ ಹಾಗಾಯಿತು. ಅವರ ನಗುವಿನಿಂದಲ್ಲ, ನನ್ನದರಿಂದ.

ಅವತ್ತೇ ತೀರ್ಮಾನ ಮಾಡಿದೆ. ಗುರುವಾರ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಮೂರು ದಿನ ಹಳ್ಳಿ ಹಳ್ಳಿ ತಿರುಗಿದೆ. ಮಂಡಿ ಊದಿತು. ಸೊರಬದ ಕಡೆಯದನ್ನು ಬಂಗಾರಮ್ಮ ನೋಡಿಕೊಂಡಳು. ಒಂದು ದಿನದ ಕೂಲಿ ಹೋಗುತ್ತದೆ ಎಂದು ಯಾರೂ ತಕರಾರು ತೆಗೆಯಲಿಲ್ಲ. "ಕಂಬ್ಳಿ ಬ್ಯಾಡ ಅಂದ್ರಂತೆ ಹೌದಾ?" ಎಂದು ಮಾತ್ರ ಎಲ್ಲರೂ ಕೇಳಿದರು. ಹೌದು ಅಂದೆ. ಸಾಕಾಯಿತು. ಕಂಬಳಿ ಇಲ್ಲದವರೂ ಅಕ್ಕಪಕ್ಕದ ಮನೆಯಲ್ಲಿ ಕೇಳಿ ಪಡೆದರು. ಸುಮಾ ಬುಧವಾರ ಸಂಜೆಯ ರೈಲಿಗೇ ಮನೆಗೆ ಬಂದಳು.

ಗುರುವಾರ ಹಾಲ್ಟಿನ ಹೊರಗೆ ಸಾಲಾಗಿ ಕಾರುಗಳು ನಿಂತಿದ್ದವು. ಬೇಲಿಯ ಒಳಗೆ ಇಸ್ತ್ರಿ ಅಂಗಿಯವರು ನೂರಕ್ಕೂ ಹೆಚ್ಚು. ಹೊರಗೆ ನಾವು, ಕಂಬಳಿ ಹೊದ್ದು. ಸಂದಿಯಲ್ಲಿ ಸಮಿತಿಯ ಇಬ್ಬರು ಕೈ ಅಡ್ಡ ಹಿಡಿದು ನಿಂತಿದ್ದರು. "ಇವತ್ತೊಂದಿನ ಹೊರಗಿರ್ರಮ್ಮ" ಅಂದರು.

ಆಫೀಸರು ಹೇಮಂತ್ ಎಂಬ ಚಿಕ್ಕ ವಯಸ್ಸಿನವರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಹಾಳೆ ತೆಗೆದು ಮೊದಲು ಒಳಗಿದ್ದವರನ್ನೇ ಕೇಳಿದರು.

"ಹತ್ತು ಗಂಟೆ ರೈಲಿಗೆ ದಿನಾ ಬರೋರು ಯಾರ್ಯಾರು? ಕೈ ಎತ್ತಿ. ದಿನಾ."

ಮೊದಲು ಎಲ್ಲ ಕೈಗಳೂ ಎದ್ದವು. ದಿನಾ ಎಂದು ಎರಡನೆಯ ಸಲ ಹೇಳಿದಾಗ ಅರ್ಧ ಇಳಿದವು.

"ಈಗ ಶಿವಮೊಗ್ಗಕ್ಕೆ ಹೇಗೆ ಹೋಗ್ತೀರಿ?"

"ಕಾರಲ್ಲೇ ಸರ್" ಎಂದ ಒಬ್ಬ ಪುಣ್ಯಾತ್ಮ. ಇನ್ನೂ ಕೆಲವು ಕೈಗಳು ಇಳಿದವು. ಬೇಲಿಯ ಹೊರಗಿನಿಂದ ಬಂಗಾರಮ್ಮ ಕೂಗಿದಳು:

"ಕೈ ಇಳಿಸ್ಬೇಡ್ರೋ, ನೋವಾದ್ರೆ ಹೇಳಿ, ನಾನ್ ಬಂದ್ ಹಿಡ್ಕೋತೀನಿ!"

ಆಫೀಸರು ನಮ್ಮ ಕಡೆ ತಿರುಗಿದರು. "ಇವರು ಯಾರು?"

"ಅವ್ರು ಸುಮ್ನೆ ನೋಡಾಕೆ ಬಂದೋರು ಸರ್" ಎಂದರು ಶಿವಶಂಕರ ಅವರು.

"ಅಲ್ಲ" ಎಂದೆ.

ಆ ಒಂದು ಮಾತು ನನ್ನ ಬಾಯಿಂದ ಅಷ್ಟು ದೊಡ್ಡದಾಗಿ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

"ಅಲ್ಲ. ನಾವ್ ನೋಡಾಕೆ ಬಂದಿಲ್ಲ. ಐದೂ ಮುಕ್ಕಾಲಿಗೆ ರೈಲು ಬೇಕು ಅಂತ ಬಂದಿದೀವಿ. ದಿನಾ ಹೋಗೋರು. ಹೊರಗಿರ್ರಿ ಅಂದ್ರೆ ಇನ್ ಇರಲ್ಲ. ದಾರಿ ಬಿಡ್ರಿ."

"ಐದೂ ಮುಕ್ಕಾಲಿಗೆ ನಾಲ್ಕು ಜನ ಅಂತ ಇದೆಯಲ್ಲಮ್ಮ" ಎಂದು ಆಫೀಸರು ಹಾಳೆ ನೋಡಿದರು. "ಕನಿಷ್ಠ ಐವತ್ತಾದ್ರೂ ಇಲ್ದೆ ನಾನು ಬರೆಯೋಕೆ ಆಗಲ್ಲ. ನೀವು ಎಷ್ಟು ಜನ?"

ಎಲ್ಲರೂ ಒಟ್ಟಿಗೆ ಮಾತಾಡಿದರು. ಐವತ್ತು ಎಂದಳು ಒಬ್ಬಳು, ನೂರು ಎಂದಳು ಇನ್ನೊಬ್ಬಳು. ಆಫೀಸರು ತಾವೇ ಎಣಿಸಲು ನೋಡಿದರು. ನಾವು ನಿಂತಲ್ಲಿ ನಿಲ್ಲುತ್ತೇವೆಯೇ? ಹದಿನೆಂಟಕ್ಕೆ ಬಂದು ತಪ್ಪಿದರು. ಶಿವಶಂಕರ ಅವರು ಗಡಿಯಾರ ನೋಡಿಕೊಂಡರು.

"ಬಿಡಿ ಸರ್. ಕುರಿ ಎಣಿಸಿದ ಹಾಗಾಯ್ತು ಇದು."

ಆಗ ಹಿಂದಿನಿಂದ ಭಾವನ ದನಿ ಬಂತು. ಅವರು ಬಂದಿದ್ದೇ ನನಗೆ ಗೊತ್ತಿರಲಿಲ್ಲ. ಲಗೇಜ್ ಆಟೋದ ಹಿಂದೆ ನಿಂತುಕೊಂಡು ಬಂದಿದ್ದರಂತೆ.

"ಕುರಿ ಎಣ್ಸೋದು ನಿಮಗ್ ಬರಾಕಿಲ್ರೀ" ಎಂದರು. "ಆಚೆ ಸರೀರಿ."

ಸಂದಿಯಲ್ಲಿ ಅಡ್ಡ ಹಿಡಿದ ಕೈಗಳನ್ನು ಕೋಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ರೊಪ್ಪದ ಬಾಯಲ್ಲಿ ನಿಲ್ಲುವ ಹಾಗೆಯೇ ಅಲ್ಲಿ ನಿಂತರು. ನಮ್ಮ ಕಡೆ ನೋಡಲಿಲ್ಲ. ಆಕಾಶವನ್ನೂ ನೋಡಲಿಲ್ಲ. ಆಫೀಸರ ಹಾಳೆಯನ್ನೇ ನೋಡಿದರು.

"ಒಬ್ಬೊಬ್ರೇ ಬರ್ರವ್ವ."

ಮೊದಲು ಸುಮಾ ಹೋದಳು. ಭಾವ ಅವಳ ಬೆನ್ನು ಮುಟ್ಟಲಿಲ್ಲ. ಕೋಲನ್ನು ನೆಲಕ್ಕೆ ಕುಟ್ಟಿದರು.

"ಒಂದು."

ಬಾಯಿ ಬಿಟ್ಟು ಎಣಿಸಿದರು. ಎಪ್ಪತ್ತಾರು ವರ್ಷದ ಆ ಬಾಯಿಯಿಂದ ಲೆಕ್ಕ ಹೊರಗೆ ಬಿದ್ದದ್ದು ಅದೇ ಮೊದಲು. ದನಿ ನಡುಗುತ್ತಿತ್ತು. ಎರಡು. ಮೂರು. ಹತ್ತರ ಹೊತ್ತಿಗೆ ನಡುಕ ನಿಂತಿತು. ಇಪ್ಪತ್ತರ ಹೊತ್ತಿಗೆ ಹಾಲ್ಟೆಲ್ಲ ಕೇಳುವ ಹಾಗಾಯಿತು. ಕಂಬಳಿಗಳು ಒಂದೊಂದೇ ಒಳಗೆ ಹೋದವು. ಇಸ್ತ್ರಿ ಅಂಗಿಯವರು ಹಿಂದೆ ಸರಿದು ಜಾಗ ಕೊಟ್ಟರು. ಬಂಗಾರಮ್ಮ ಸಂದಿಯಲ್ಲಿ ಅಡ್ಡ ಸಿಕ್ಕಿಕೊಂಡು, "ಅಜ್ಜ, ನನ್ನ ಮೂರು ಹಿಡೀರಿ" ಅಂದಳು. "ಒಂದೇ" ಎಂದರು ಭಾವ. "ನಲವತ್ತೊಂದು."

ಐವತ್ತು ದಾಟಿತು. ಆಫೀಸರು ತಲೆಯಾಡಿಸಿ ಬರೆದುಕೊಂಡರು. ಐವತ್ತೈದು. ಅರವತ್ತು. ಅರವತ್ಮೂರು.

ಕೊನೆಗೆ ನಾನು. ಮಂಡಿ ಊದಿತ್ತಲ್ಲ, ಹಿಂದೆ ಉಳಿದಿದ್ದೆ. ಸಂದಿ ದಾಟಿದೆ. ಕೋಲು ಕುಟ್ಟಲಿಲ್ಲ.

"ಅರವತ್ಮೂರ್ರೀ" ಎಂದು ಭಾವ ಕೋಲು ಎತ್ತಿ ಹೆಗಲಿಗೆ ಇಟ್ಟರು.

ನಾನು ಅಲ್ಲೇ ನಿಂತೆ.

"ಭಾವ. ನನ್ನ ಬಿಟ್ರಿ."

"ಕಡೀದು ಎಣ್ಸಂಗಿಲ್ಲ ಹೂವವ್ವ. ದ್ಯಾವ್ರ ಪಾಲು."

"ಪರ್ವಾಗಿಲ್ಲಮ್ಮ, ಐವತ್ತು ಆಗ್ಲೇ ದಾಟಿತು" ಎಂದರು ಆಫೀಸರು. "ಅಷ್ಟು ಸಾಕು ನನಗೆ."

"ನಿಮಗ್ ಸಾಕ್ರೀ. ನನಗ್ ಸಾಲ್ದು." ಆಫೀಸರಿಗೆ ಹೇಳಿ ಭಾವನ ಕಡೆ ತಿರುಗಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಐವತ್ತು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅವರ ಎಡಗಣ್ಣಿನಲ್ಲಿ ಪೊರೆ ಬಂದಿರುವುದು ಆಗ ಗೊತ್ತಾಯಿತು. "ದ್ಯಾವ್ರು ಹಾಸ್ಟೆಲ್ ತಟ್ಟೆ ತೊಳೆಯಾಕೆ ಬರಲ್ಲ ಭಾವ. ನಾನ್ ಹೋಗ್ತೀನಿ. ನನ್ನೂ ಎಣ್ಸಿ."

ಭಾವ ಹೆಗಲಿನಿಂದ ಕೋಲು ಇಳಿಸಿದರು. ಕುಟ್ಟಿದ ರಭಸಕ್ಕೆ ಧೂಳು ಎದ್ದಿತು.

"ಅರವತ್ನಾಕು. ಬರ್ಕೊಳ್ರೀ ಸಾಹೇಬ್ರ."

ಬರೆದುಕೊಂಡರು.

ಮುಂದಿನ ಐದು ತಿಂಗಳು ಯಾವ ಸುದ್ದಿಯೂ ಇರಲಿಲ್ಲ. ಸುಮಾ ಶೆಡ್ಡಿನಲ್ಲೇ ಮಲಗಿದಳು. ಬಾಗಿಲಿಗೆ ಎರಡು ಜಲ್ಲಿ ಚೀಲ ಒತ್ತಿದಳು. ಆರನೆಯ ತಿಂಗಳಲ್ಲಿ ಹಾಲ್ಟಿನ ಗೋಡೆಗೆ ಹೊಸ ಕಾಗದ ಅಂಟಿತು. ನಾನೇ ಓದಿ ಹೇಳಿದೆ. ಐದೂ ಮುಕ್ಕಾಲು.

ಮೊದಲ ದಿನ ಶಿವಶಂಕರ ಅವರು ಹಾರ ತಂದಿದ್ದರು. ಇಂಜಿನ್ನಿಗೆ ಹಾಕಿ ಫೋಟೋ ತೆಗೆಸಿಕೊಂಡು ಕಾರಿನಲ್ಲಿ ವಾಪಸು ಹೋದರು. ಅವರ ಹೋರಾಟ ಅವರಿಗೆ. ನಾವು ಹತ್ತಿದೆವು. ಸುಮಾ ಕಿಟಕಿಯ ಪಕ್ಕ ಜಾಗ ಹಿಡಿದಳು. ಬುತ್ತಿಯ ಡಬ್ಬಿ ಮಾತ್ರ ತಂದಿದ್ದಳು, ಬಟ್ಟೆಯ ಗಂಟು ತಂದಿರಲಿಲ್ಲ.

ಭಾವ ಬೇಲಿಯ ಸಂದಿಯಲ್ಲಿ ಕೋಲು ಹಿಡಿದು ನಿಂತಿದ್ದರು. ಯಾರೂ ಹೇಳಿರಲಿಲ್ಲ, ಅವರೇ ಬಂದಿದ್ದರು. ಗಾರ್ಡು ಬಾವುಟ ಹಿಡಿದು ಇಣುಕಿ, ತಮಾಷೆಗೆ ಕೇಳಿದ.

"ಎಷ್ಟ್ ಜನ ಅಜ್ಜ ಇವ್ರು?"

ಈಗ ಆಕಾಶ ನೋಡುತ್ತಾರೆ ಅಂದುಕೊಂಡೆ.

"ಅರವತ್ಮೂರು ಹತ್ತ್ಯಾರೆ" ಎಂದರು ಭಾವ. "ಬಂಗಾರಮ್ಮ ಇನ್ನೂ ಬಂದಿಲ್ಲ. ಒಂದ್ ಗಳಿಗಿ ತಡೀರಿ."

ಗಾರ್ಡು ನಕ್ಕ. ಆದರೆ ಬಾವುಟ ಇಳಿಸಿಕೊಂಡ. ದೂರದಲ್ಲಿ ಕಂಬಳಿಯೊಂದು ಸೀರೆ ಎತ್ತಿ ಹಿಡಿದು, ಬೈಯುತ್ತ, ಓಡೋಡಿ ಬರುತ್ತಿತ್ತು. ರೈಲು ಅವಳಿಗಾಗಿ ತಡೆಯಿತು.